ಸಮವಿಲ್ಲದ ಗೋಡೆಗೆ ಟೆಕ್ಸ್ಚರ್ ಬಣ್ಣ: ಏನನ್ನು ಮರೆಮಾಡಬಹುದು, ಹೇಗೆ ಬಳಿಯಬೇಕು

ಮನೆಯೊಳಗಿನ ಗೋಡೆಗೆ ಹೊಸ ಬಣ್ಣ ಬಳಿದ ಮೇಲೆ ಅದರ ಕುಂದುಗಳು ಮೊದಲಿಗಿಂತ ಹೆಚ್ಚಾಗಿ ಕಾಣತೊಡಗಿದವು ಎಂಬ ದೂರು ಅಪರೂಪದ್ದಲ್ಲ. ಮಾಸಿದ ಹಳೆಯ ಬಣ್ಣದ ಕಲೆ, ಧೂಳುಗಳ ನಡುವೆ ಹೇಗೋ ಅಡಗಿಕೊಂಡಿದ್ದ ಕರಣೆಯ ಗುರುತು, ಪುಟ್ಟಿಯ (ಗೋಡೆಯ ಗುಳಿ, ಬಿರುಕು ತುಂಬುವ ಲೇಪದ) ತೇಪೆ, ಮೊಳೆ ಕಿತ್ತ ಗುಳಿ ಇವೆಲ್ಲ ಒಂದೇ ಸಮನಾದ ಹೊಸ ಬಣ್ಣದ ಮೇಲೆ ಎದ್ದು ನಿಲ್ಲುತ್ತವೆ. ಗಾರೆಯನ್ನೇ ಕೆತ್ತಿ ಮತ್ತೆ ಮೆತ್ತಿಸುವುದು ಇದಕ್ಕೆ ಒಂದು ದಾರಿ. ಪದರದ ಮೇಲೆ ಪದರ ಪುಟ್ಟಿ ಎಳೆದು, ಉಜ್ಜಿ, ಇಡೀ ಗೋಡೆಯನ್ನು ನುಣುಪು ಮಾಡುವುದು ಇನ್ನೊಂದು. ಎರಡಕ್ಕೂ ಹಿಡಿಯುವ ಸಮಯ, ಏಳುವ ಧೂಳು, ಬೇಕಾಗುವ ಕೈಚಳಕ ಕಡಿಮೆಯೇನಲ್ಲ.

ಟೆಕ್ಸ್ಚರ್ ಬಣ್ಣ ಮೂರನೆಯ ದಾರಿ. ನುಣುಪಿನ ಹಟವನ್ನೇ ಬಿಟ್ಟು, ಗೋಡೆಯ ಮೈಯನ್ನು ಬೇಕೆಂದೇ ತರಿತರಿಯಾಗಿಸಿ, ಕುಂದು ಯಾವುದು ವಿನ್ಯಾಸ ಯಾವುದು ಎಂದು ಕಣ್ಣಿಗೆ ತಿಳಿಯದಂತೆ ಮಾಡುವುದು ಇದರ ಉಪಾಯ. ಮರೆಯಾಗುವ ಕುಂದು ಯಾವುದು, ಮರೆಯಾಗದ್ದು ಯಾವುದು ಎಂದು ಡಬ್ಬಿ ತೆರೆಯುವ ಮೊದಲೇ ವಿಂಗಡಿಸಿಕೊಂಡರೆ ಈ ಕೆಲಸ ಕೈಗೂಡುತ್ತದೆ. ಹಾಗೆ ಮಾಡದೆ ನೇರವಾಗಿ ರೋಲರ್ ಹಿಡಿದರೆ ಕೆಟ್ಟ ಗೋಡೆಯ ಮೇಲೆ ಸುಲಭಕ್ಕೆ ತೆಗೆಯಲಾಗದ ಒಂದು ದಪ್ಪ ಪದರ ಸೇರಿಕೊಂಡಂತಾಗುತ್ತದೆ, ಅಷ್ಟೆ.

ನೆರಳಿನ ಲೆಕ್ಕ

ಗೋಡೆಯ ಉಬ್ಬುತಗ್ಗು ಕಣ್ಣಿಗೆ ಬೀಳುವುದು ಮುಖ್ಯವಾಗಿ ನೆರಳಿನ ಮೂಲಕ. ಕಿಟಕಿಯಿಂದ ಬರುವ ಬೆಳಕು ಪಕ್ಕದ ಗೋಡೆಯನ್ನು ಸವರಿಕೊಂಡು ಹೋಗುವಾಗ ಅರ್ಧ ಮಿಲಿಮೀಟರ್ ಎತ್ತರದ ಪುಟ್ಟಿಯ ಅಂಚು ಕೂಡ ತನ್ನ ಎತ್ತರದ ಹಲವು ಪಟ್ಟು ಉದ್ದದ ನೆರಳನ್ನು ಚೆಲ್ಲುತ್ತದೆ. ಅದೇ ಅಂಚಿನ ಮೇಲೆ ಬೆಳಕು ಎದುರಿನಿಂದ ನೇರವಾಗಿ ಬಿದ್ದರೆ ಅದು ಅಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ನುಣುಪಾದ ಗೋಡೆಯಲ್ಲಿ ಇಂಥ ನೆರಳು ಒಂಟಿಯಾಗಿರುವುದರಿಂದ ಕಣ್ಣು ಅದನ್ನೇ ಹುಡುಕಿ ಹಿಡಿಯುತ್ತದೆ. ಟೆಕ್ಸ್ಚರ್ ಇರುವ ಗೋಡೆಯಲ್ಲಿ ಸಾವಿರಾರು ಸಣ್ಣ ನೆರಳುಗಳು ಹರಡಿಕೊಂಡಿರುತ್ತವೆ. ಸಂತೆಯ ಗದ್ದಲದಲ್ಲಿ ಒಬ್ಬರ ಮಾತು ಅಡಗಿಹೋಗುವಂತೆ ಕುಂದಿನ ನೆರಳು ಅವುಗಳಲ್ಲಿ ಅಡಗಿಹೋಗುತ್ತದೆ.

ಈ ಲೆಕ್ಕ ತಿಳಿದರೆ ಮುಂದಿನ ಹೆಚ್ಚಿನ ನಿರ್ಧಾರಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಟೆಕ್ಸ್ಚರಿನ ತರಿಯ ಎತ್ತರ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಎತ್ತರದ ಕುಂದನ್ನು ಅದು ಮರೆಮಾಡಬಲ್ಲದು. ಅರ್ಧ ಮಿಲಿಮೀಟರಿನ ಮರಳುತರಿಯ ಕೆಳಗೆ ಎರಡು ಮಿಲಿಮೀಟರಿನ ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯುತ್ತದೆ. ಎತ್ತರದಷ್ಟೇ ಅಗಲವೂ ಮುಖ್ಯ. ಕೂದಲೆಳೆಯ ಬಿರುಕು, ಗೀರು, ರೋಲರಿನ ಗುರುತು, ಪುಟ್ಟಿಯ ಅಂಚು ಇವು ಅಗಲದಲ್ಲಿ ಚಿಕ್ಕವಾದ್ದರಿಂದ ಟೆಕ್ಸ್ಚರಿಗೆ ಸುಲಭದ ತುತ್ತು. ಒಂದು ಮೀಟರ್ ಅಗಲಕ್ಕೆ ಒಂದು ಸೆಂಟಿಮೀಟರ್ ಒಳಗೆ ಕುಸಿದ ಅಲೆಯಂಥ ತಗ್ಗು ಹಾಗಲ್ಲ. ಎಂಥ ಒರಟು ಟೆಕ್ಸ್ಚರ್ ಬಳಿದರೂ ಆ ಟೆಕ್ಸ್ಚರೇ ಅಲೆಯನ್ನು ಅನುಸರಿಸಿ ಒಳಗೆ ಹೋಗಿ ಹೊರಗೆ ಬರುತ್ತದೆ. ಹೊಳಪಿನ ವಿಷಯವೂ ಇದಕ್ಕೆ ಸೇರಿದ್ದು. ಹೊಳೆಯುವ ಬಣ್ಣ ಪ್ರತಿಯೊಂದು ಉಬ್ಬಿನ ನೆತ್ತಿಯ ಮೇಲೂ ಒಂದೊಂದು ಬೆಳಕಿನ ಚುಕ್ಕೆಯನ್ನು ಕೂರಿಸಿ ಆಕಾರವನ್ನು ಎತ್ತಿ ತೋರಿಸುತ್ತದೆ. ಮಂದ ಬಣ್ಣ ಬೆಳಕನ್ನು ಎಲ್ಲ ಕಡೆಗೂ ಚದುರಿಸಿ ಅದೇ ಆಕಾರವನ್ನು ಮೆತ್ತಗಾಗಿಸುತ್ತದೆ.

ಕತ್ತಲಲ್ಲಿ ಗೋಡೆಯನ್ನು ಓದುವುದು

ಪರೀಕ್ಷೆಗೆ ರಾತ್ರಿಯೇ ಒಳ್ಳೆಯ ಹೊತ್ತು. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಒಂದು ಟಾರ್ಚನ್ನು ಗೋಡೆಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕು ಮೇಲ್ಮೈಯನ್ನು ಸವರುವಂತೆ ನಿಧಾನವಾಗಿ ಸರಿಸುತ್ತ ಹೋಗಬೇಕು. ಹಗಲಿನಲ್ಲಿ ಸಮವಾಗಿ ಕಂಡ ಜಾಗದಲ್ಲಿ ಆಗ ಕರಣೆ ಎಳೆದ ಅರ್ಧಚಂದ್ರಾಕಾರದ ಗೆರೆಗಳು, ಹಳೆಯ ಬಣ್ಣ ಹಕ್ಕಳೆಯೆದ್ದು ಬಿದ್ದ ಜಾಗದ ಅಂಚುಗಳು, ಸ್ವಿಚ್ ಪೆಟ್ಟಿಗೆಯ ಸುತ್ತ ಅವಸರದಲ್ಲಿ ತುಂಬಿದ ಗಾರೆಯ ದಿಣ್ಣೆ, ವೈರಿನ ಕೊಳವೆಗಾಗಿ ಕೊರೆದು ಮುಚ್ಚಿದ ಉದ್ದನೆಯ ಪಟ್ಟಿ ಎಲ್ಲವೂ ಒಂದೊಂದಾಗಿ ಎದ್ದು ಬರುತ್ತವೆ. ಕಂಡದ್ದನ್ನೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ ಗುರುತಿಸಿಕೊಳ್ಳಬೇಕು. ಪೆನ್ನು ಬೇಡ, ಪೆನ್ನಿನ ಶಾಯಿ ನೀರಿನ ಬಣ್ಣದ ಪದರಗಳನ್ನು ದಾಟಿ ಮತ್ತೆ ಮೇಲೆ ಮೂಡುವುದುಂಟು.

ಬಳಿಕ ಎರಡು ಮೀಟರ್ ಉದ್ದದ ನೆಟ್ಟನೆಯ ಪಟ್ಟಿಯನ್ನು ಗೋಡೆಗೆ ಅಡ್ಡಲಾಗಿ, ಉದ್ದಕ್ಕೆ, ಓರೆಯಾಗಿ ಇಟ್ಟು ನೋಡಬೇಕು. ಪಟ್ಟಿಯ ಕೆಳಗೆ ಎರಡು ಮೂರು ಮಿಲಿಮೀಟರ್ ಸಂದಿ ಕಂಡರೆ ಟೆಕ್ಸ್ಚರ್ ಸಾಕು. ಬೆರಳು ತೂರುವಷ್ಟು ಸಂದಿ ಇದ್ದರೆ ಆ ತಗ್ಗನ್ನು ಗಾರೆಯಿಂದ ತುಂಬದೆ ಬೇರೆ ಉಪಾಯವಿಲ್ಲ. ಇದೇ ಸುತ್ತಿನಲ್ಲಿ ಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಹೋಗುವುದೂ ಒಳ್ಳೆಯದು. ಗಟ್ಟಿಯಾದ ಗಾರೆ ಮಂದವಾದ, ಗಡುಸಾದ ಸದ್ದು ಕೊಡುತ್ತದೆ. ಇಟ್ಟಿಗೆಯಿಂದ ಬಿಟ್ಟುಕೊಂಡ ಗಾರೆ ಟೊಳ್ಳಾಗಿ ಸದ್ದು ಮಾಡುತ್ತದೆ. ಟೊಳ್ಳಾದ ಭಾಗ ಹೊಸ ಪದರದ ಭಾರವನ್ನು ಹೊತ್ತು ನಿಲ್ಲುತ್ತದೆಂದು ನಂಬಿ ಕೂರಬಾರದು. ಅದನ್ನು ಗಟ್ಟಿ ಅಂಚು ಸಿಗುವವರೆಗೆ ಕೆತ್ತಿ ತೆಗೆದು ಮತ್ತೆ ಗಾರೆ ಮಾಡಬೇಕು.

ಮುಚ್ಚಬಾರದ ದೋಷಗಳು

ತೇವ ಇವುಗಳಲ್ಲಿ ಮೊದಲನೆಯದು, ಅತಿ ಹೆಚ್ಚು ಉಪೇಕ್ಷೆಗೆ ಒಳಗಾಗುವುದೂ ಅದೇ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಪುಡಿಯಾಗುತ್ತಿದ್ದರೆ, ಬಿಳಿಯ ಉಪ್ಪು ಹೂವಿನಂತೆ ಅರಳಿ ಉದುರುತ್ತಿದ್ದರೆ, ನೀರು ಗಾರೆಯ ಒಳಗಿನಿಂದ ಹೊರಗೆ ಬರುತ್ತ ತನ್ನಲ್ಲಿ ಕರಗಿದ ಲವಣವನ್ನು ಮೇಲ್ಮೈಯಲ್ಲಿ ಬಿಟ್ಟು ಆವಿಯಾಗುತ್ತಿದೆ ಎಂದು ಅರ್ಥ. ಅದರ ಮೇಲೆ ದಪ್ಪ ಪದರ ಕೂರಿಸಿದರೆ ಲವಣ ಆ ಪದರದ ಬೆನ್ನ ಹಿಂದೆ ಹರಳುಗಟ್ಟಿ ಅದನ್ನು ಹಾಳೆಹಾಳೆಯಾಗಿ ಎಬ್ಬಿಸುತ್ತದೆ. ಅನುಮಾನವಿದ್ದಲ್ಲಿ ಸುಮಾರು 40 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಬಿಗಿದು ಒಂದೆರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಮೊದಲನೆಯದಾದರೆ ಕೊಳವೆಯ ಸೋರಿಕೆಯೋ ಚಾವಣಿಯ ಸೋರಿಕೆಯೋ ಅಡಿಪಾಯದಿಂದ ಏರುವ ನೀರೋ, ಮೂಲವನ್ನು ಸರಿಪಡಿಸಿ, ಗೋಡೆ ಪೂರ್ತಿ ಒಣಗುವವರೆಗೆ ಬಣ್ಣದ ಮಾತೇ ಬೇಡ. ಎರಡನೆಯದಕ್ಕೆ ಗಾಳಿಯಾಟ ಹೆಚ್ಚಿಸುವುದು ಮದ್ದು. ಬೂಷ್ಟು ಕಂಡಲ್ಲಿ ಅದನ್ನು ತೊಳೆದು ತೆಗೆಯಬೇಕು. ಟೆಕ್ಸ್ಚರಿನ ಕೆಳಗೆ ಮುಚ್ಚಿಟ್ಟರೆ ಅದು ಮತ್ತೆ ಮೇಲೆ ಬರುತ್ತದೆ.

ಬಿರುಕುಗಳಲ್ಲಿ ನಿಂತವು, ಚಲಿಸುವವು ಎಂದು ಎರಡು ಜಾತಿ. ಗಾರೆ ಒಣಗುವಾಗ ಕುಗ್ಗಿ ಮೂಡಿದ, ಭೂಪಟದ ಗೆರೆಗಳಂಥ ಕೂದಲೆಳೆಯ ಬಿರುಕುಗಳು ಒಮ್ಮೆ ಮೂಡಿದ ಮೇಲೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು, ಒಂದು ಬದಿ ಇನ್ನೊಂದಕ್ಕಿಂತ ಮುಂದೆ ಬಂದಿರುವ ಬಿರುಕು ಇವು ಕಟ್ಟಡದ ಚಲನೆಯನ್ನು ಸೂಚಿಸಬಹುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು, ಕೆಲವು ತಿಂಗಳು ಗಮನಿಸಬೇಕು. ಗೆರೆಯನ್ನು ದಾಟಿ ಬೆಳೆದಿದ್ದರೆ ಬಣ್ಣದವರಿಗಿಂತ ಮೊದಲು ಕಟ್ಟಡದ ಎಂಜಿನಿಯರರನ್ನು ಕರೆಯುವುದು ಜಾಣತನ.

ಹಳೆಯ ಪದರವನ್ನು ನಂಬಬಹುದೇ?

ಟೆಕ್ಸ್ಚರ್ ಪದರ ಹಸಿಯಿರುವಾಗ ಭಾರವಾಗಿರುತ್ತದೆ, ಒಣಗುವಾಗ ಬಿಗಿದುಕೊಳ್ಳುತ್ತದೆ. ಅದರ ಕೆಳಗಿನ ಹಳೆಯ ಬಣ್ಣ ಗೋಡೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಿರದಿದ್ದರೆ ಎರಡೂ ಒಟ್ಟಿಗೇ ಕಳಚಿ ಬರುತ್ತವೆ. ಪರೀಕ್ಷಿಸುವುದು ಸುಲಭ. ಹರಿತವಾದ ಬ್ಲೇಡಿನಿಂದ ಒಂದು ಅಂಗುಲದಷ್ಟು ಜಾಗದಲ್ಲಿ ಚೌಕುಳಿ ಚೌಕುಳಿಯಾಗಿ ಗೀರಿ, ಗಟ್ಟಿ ಅಂಟಿನ ಟೇಪನ್ನು ಅದರ ಮೇಲೆ ಒತ್ತಿ ಅಂಟಿಸಿ, ಒಮ್ಮೆಲೇ ಎಳೆಯಬೇಕು. ಟೇಪಿನ ಜೊತೆ ಬಣ್ಣದ ಚೌಕುಳಿಗಳು ಎದ್ದು ಬಂದರೆ ಆ ಪದರವನ್ನು ಕೆರೆದು ತೆಗೆಯಲೇಬೇಕು. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಯನ್ನು ಅಂಗೈಯಿಂದ ಸವರಿದಾಗ ಕೈಗೆ ಪುಡಿ ಹತ್ತಿದರೂ ತೀರ್ಪು ಅದೇ: ಕೆರೆದು, ತೊಳೆದು, ಒಣಗಿಸಬೇಕು. ಎಣ್ಣೆಬಣ್ಣದ ಗೋಡೆಯ ತೊಂದರೆ ಬೇರೆ. ಅದು ಕಳಚಿ ಬರುವುದಿಲ್ಲ, ಆದರೆ ಅದರ ಜಾರುಮೈಗೆ ಹೊಸದೇನೂ ಹಿಡಿಯುವುದಿಲ್ಲ. ಮಾರ್ಜಕದ ನೀರಿನಿಂದ ಜಿಡ್ಡು ತೊಳೆದು, ಹೊಳಪು ಪೂರ್ತಿ ಹೋಗುವಂತೆ ಎಮರಿ ಕಾಗದದಿಂದ ಉಜ್ಜಬೇಕಾಗುತ್ತದೆ.

ಹಳೆಯ ಕಟ್ಟಡದಲ್ಲಿ ಕೆರೆಯುವ, ಉಜ್ಜುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣ 1978ರಲ್ಲಿ ನಿಷೇಧವಾಯಿತು, ಎಷ್ಟೋ ದೇಶಗಳಲ್ಲಿ ಅದಕ್ಕಿಂತ ಬಹಳ ತಡವಾಗಿ ನಿಯಂತ್ರಣಕ್ಕೆ ಬಂತು. ಹಳೆಯ ಟೆಕ್ಸ್ಚರ್ ಲೇಪಗಳಲ್ಲಿ ಕಲ್ನಾರನ್ನೂ (ಆಸ್ಬೆಸ್ಟಾಸ್) ಬೆರೆಸುತ್ತಿದ್ದರು. ಎರಡರ ಧೂಳೂ ಉಸಿರಿನ ಜೊತೆ ಒಳಗೆ ಹೋದರೆ ಅಪಾಯ. ಬ್ರಿಟನ್ನಿನಲ್ಲಿ ಬಿಳಿ ಕಲ್ನಾರಿಗೆ ಪೂರ್ಣ ನಿಷೇಧ ಬಂದದ್ದು 1999ರಲ್ಲಿ. ಆದ್ದರಿಂದ ಗೋಡೆಯ ಮೇಲೋ ಚಾವಣಿಗೋ ಈಗಾಗಲೇ ಹಳೆಯ ಕಾಲದ ತರಿಲೇಪ ಇದ್ದರೆ ಅದನ್ನು ಒಣದಾಗಿ ಉಜ್ಜಬಾರದು. ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ಬಳಿಕವೇ ಕೈ ಹಾಕಬೇಕು. ಅನುಮಾನವಿಲ್ಲದ ಗೋಡೆಯನ್ನು ಉಜ್ಜುವಾಗಲೂ ಎನ್95 ದರ್ಜೆಯ ಮುಖಗವಸು, ಕನ್ನಡಕ ಇರಲಿ.

ಯಾವ ಟೆಕ್ಸ್ಚರ್?

ಮಾರುಕಟ್ಟೆಯಲ್ಲಿ ಹೆಸರುಗಳು ನೂರಾರಿದ್ದರೂ ಮನೆಯಲ್ಲಿ ಕೈಯಾರೆ ಮಾಡಬಹುದಾದ ಬಗೆಗಳು ಕೆಲವೇ. ಬಣ್ಣಕ್ಕೆ ನಯವಾದ ಸಿಲಿಕಾ ಮರಳನ್ನೋ ಪರ್ಲೈಟ್ ಎಂಬ ಹಗುರವಾದ ಖನಿಜದ ಪುಡಿಯನ್ನೋ ಬೆರೆಸಿ ಬಳಿಯುವ ಮರಳುತರಿ ಎಲ್ಲಕ್ಕಿಂತ ಸರಳ. ಇದು ಗೀರು, ರೋಲರಿನ ಗುರುತು, ಕೂದಲೆಳೆಯ ಬಿರುಕಿಗೆ ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು. ಡಬ್ಬಿಯಲ್ಲೇ ಗಟ್ಟಿಯಾಗಿ ಸಿಗುವ ಟೆಕ್ಸ್ಚರ್ ಲೇಪವನ್ನು ರಂಧ್ರಗಳಿರುವ ಒರಟು ರೋಲರಿನಿಂದ ಉರುಳಿಸಿದರೆ ಕಿತ್ತಳೆಯ ಸಿಪ್ಪೆಗಿಂತ ತುಸು ಒರಟಾದ ಮೇಲ್ಮೈ ಬರುತ್ತದೆ. ಆ ತರಿಗಳ ನೆತ್ತಿಯನ್ನು, ಲೇಪ ಅರೆ ಒಣಗಿರುವಾಗ, ಅಗಲವಾದ ಪುಟ್ಟಿಪಟ್ಟಿಯಿಂದ (ಪುಟ್ಟಿ ಎಳೆಯುವ ಚಪ್ಪಟೆ ಅಲಗಿನಿಂದ) ಹಗುರವಾಗಿ ಸವರಿ ಚಪ್ಪಟೆ ಮಾಡಿದರೆ ಸಣ್ಣ ಸಣ್ಣ ದ್ವೀಪಗಳಂಥ ವಿನ್ಯಾಸ ಮೂಡುತ್ತದೆ. ತೇಪೆ ಹಾಕಿದ ಗೋಡೆಗಳಿಗೆ ನನ್ನ ಮೊದಲ ಆಯ್ಕೆ ಇದೇ. ತರಿಯ ಎತ್ತರ ಒಂದೆರಡು ಮಿಲಿಮೀಟರ್ ಇರುವುದರಿಂದ ಪುಟ್ಟಿಯ ಅಂಚುಗಳು ಚೆನ್ನಾಗಿ ಅಡಗುತ್ತವೆ, ನೆತ್ತಿ ಚಪ್ಪಟೆಯಾಗಿರುವುದರಿಂದ ತೋಳು ಉಜ್ಜಿದರೂ ಚರ್ಮ ತರಚುವುದಿಲ್ಲ. ಕರಣೆಯಿಂದ ತೆಳುವಾಗಿ, ಅಲ್ಲಲ್ಲಿ ಬಿಟ್ಟು ಬಿಟ್ಟು ಎಳೆಯುವ ವಿನ್ಯಾಸವೂ ಅಂಥದ್ದೇ, ಆದರೆ ಅದಕ್ಕೆ ಕೈ ಪಳಗಿರಬೇಕು.

ಬಾಚಣಿಗೆಯಂಥ ಹಲ್ಲುಪಟ್ಟಿಯಿಂದ ಗೆರೆ ಎಳೆಯುವ ವಿನ್ಯಾಸ ಕ್ಯಾಟಲಾಗಿನಲ್ಲಿ ಬಹಳ ಸುಂದರವಾಗಿ ಕಾಣುತ್ತದೆ. ಓರೆಕೋರೆ ಗೋಡೆಗೆ ಮಾತ್ರ ಅದು ಬೇಡ. ಉದ್ದಗೆರೆಗಳು ಬಾಗಿಲ ಚೌಕಟ್ಟಿನ ಪಕ್ಕಕ್ಕೆ ಬಂದಾಗ ಚೌಕಟ್ಟು ಎಷ್ಟು ವಾಲಿದೆ ಎಂಬುದನ್ನೂ, ಅಡ್ಡಗೆರೆಗಳು ಚಾವಣಿಯ ಹತ್ತಿರ ಬಂದಾಗ ಚಾವಣಿ ಎಷ್ಟು ಇಳಿದಿದೆ ಎಂಬುದನ್ನೂ ಅಳತೆಗೋಲಿನಂತೆ ತೋರಿಸಿಬಿಡುತ್ತವೆ. ಇಂಥ ಗೋಡೆಗೆ ಬೇಕಾದದ್ದು ದಿಕ್ಕಿಲ್ಲದ, ಮರುಕಳಿಸದ, ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂದು ಹೇಳಲಾಗದ ವಿನ್ಯಾಸ.

ಎಷ್ಟು ಲೇಪ ಬೇಕಾದೀತು ಎಂಬುದಕ್ಕೆ ಸರಳವಾದ ಗಣಿತವಿದೆ. ಒಂದು ಲೀಟರ್ ಲೇಪವನ್ನು ಒಂದು ಚದರ ಮೀಟರಿಗೆ ಹರಡಿದರೆ ಹಸಿ ಪದರದ ದಪ್ಪ ಸರಿಯಾಗಿ ಒಂದು ಮಿಲಿಮೀಟರ್ ಆಗುತ್ತದೆ. ಸಾದಾ ಎಮಲ್ಷನ್ (ನೀರಿನ ಗೋಡೆಬಣ್ಣ) ಒಂದು ಲೀಟರಿಗೆ ಸುಮಾರು 10 ಚದರ ಮೀಟರ್ ಬರುವುದು ಅದರ ಪದರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ ಇರುವುದರಿಂದ. ಹಾಗಾಗಿ 4 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆಗೆ ಸರಾಸರಿ ಒಂದು ಮಿಲಿಮೀಟರ್ ದಪ್ಪದ ಟೆಕ್ಸ್ಚರ್ ಬೇಕೆಂದರೆ 12 ಲೀಟರ್ ಲೇಪ ಹಿಡಿಯುತ್ತದೆ. ಇದಕ್ಕೆ ಶೇಕಡಾ 10ರಷ್ಟು ಸೇರಿಸಿ ಒಂದೇ ಬಾರಿಗೆ ತರಿಸುವುದು ಲೇಸು. ಅರ್ಧ ಗೋಡೆಯಲ್ಲಿ ಲೇಪ ಮುಗಿದುಹೋದರೆ ಉಳಿದರ್ಧ ಎಂದಿಗೂ ಮೊದಲರ್ಧಕ್ಕೆ ಹೊಂದಿಕೊಳ್ಳುವುದಿಲ್ಲ.

ಹಲಗೆಯ ಮೇಲೆ ಮೊದಲ ಕೈ

ಸುಮಾರು 60 ಸೆಂಟಿಮೀಟರ್ ಚೌಕದ ಪ್ಲೈವುಡ್ ತುಂಡಿಗೆ ಪ್ರೈಮರ್ (ಎಲ್ಲಕ್ಕಿಂತ ಮೊದಲು ಬಳಿಯುವ ತಳಪದರ) ಬಳಿದು ಅದರ ಮೇಲೆ ಟೆಕ್ಸ್ಚರ್ ಮಾಡಿ ನೋಡುವುದನ್ನು ಹೆಚ್ಚಿನವರು ದಂಡದ ಕೆಲಸವೆಂದು ಬಿಟ್ಟುಬಿಡುತ್ತಾರೆ. ಲೇಪದ ಹದ, ರೋಲರನ್ನು ಎಷ್ಟು ಒತ್ತಬೇಕು, ಎಷ್ಟು ನಿಮಿಷದ ಬಳಿಕ ಪಟ್ಟಿ ಸವರಬೇಕು ಎಂಬುದೆಲ್ಲ ಕೈಗೆ ಗೊತ್ತಾಗುವುದು ಇಲ್ಲಿಯೇ. ಒಣಗಿದ ಹಲಗೆಯನ್ನು ಗೋಡೆಗೆ ಆನಿಸಿಟ್ಟು ಬೆಳಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಬೇಕು; ಮಧ್ಯಾಹ್ನ ಹಿತವಾಗಿ ಕಂಡ ತರಿ ರಾತ್ರಿ ಗೋಡೆದೀಪದ ಕೆಳಗೆ ತೀರ ಒರಟಾಗಿ ಕಾಣಬಹುದು. ಇದರ ಜೊತೆಗೆ, ಇಷ್ಟವಾದ ಹಲಗೆಯನ್ನು ಕೆಲಸ ಮಾಡುವಾಗ ಎದುರಿಗೇ ಇಟ್ಟುಕೊಂಡರೆ ಗೋಡೆಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕೈ ಬದಲಾಗುವುದು ತಪ್ಪುತ್ತದೆ.

ದುರಸ್ತಿ ಮತ್ತು ಪ್ರೈಮರ್

ಟೆಕ್ಸ್ಚರ್ ಬಳಿಯುವ ಗೋಡೆಯ ದುರಸ್ತಿ ನುಣುಪು ಗೋಡೆಯ ದುರಸ್ತಿಯಷ್ಟು ನಾಜೂಕಾಗಿರಬೇಕಿಲ್ಲ; ಇಡೀ ಪದ್ಧತಿಯ ಲಾಭ ಇರುವುದೇ ಇಲ್ಲಿ. ಕೂದಲೆಳೆಯ ಬಿರುಕನ್ನು ಹಾಗೆಯೇ ಬಿಡಬಹುದು. ಅದಕ್ಕಿಂತ ಅಗಲವಾದದ್ದನ್ನು ಪುಟ್ಟಿಪಟ್ಟಿಯ ಮೂಲೆಯಿಂದ ಬಾಯಿ ಅಗಲವಾಗುವಂತೆ ಕೆತ್ತಿ, ಧೂಳು ಬಳಿದು ತೆಗೆದು, ತುಸು ಒದ್ದೆ ಮಾಡಿ ತುಂಬಬೇಕು. ಪುಟ್ಟಿಯನ್ನು ಒಂದೇ ಸಲಕ್ಕೆ ದಪ್ಪವಾಗಿ ಮೆತ್ತಿದರೆ ಒಣಗುವಾಗ ಕುಗ್ಗಿ ಮತ್ತೆ ಸೀಳುತ್ತದೆ. ಎರಡು ಮೂರು ಮಿಲಿಮೀಟರಿನಂತೆ ಪದರ ಪದರವಾಗಿ ತುಂಬಿ, ಪ್ರತಿಯೊಂದೂ ಒಣಗಲು ಬಿಡಬೇಕು. ಆಳವಾದ ಗುಂಡಿಗೆ ಗಾರೆಯೇ ಸರಿ. ತಗ್ಗಿಗಿಂತ ದಿಣ್ಣೆಯ ಕಡೆಗೆ ಹೆಚ್ಚು ಗಮನ ಇರಲಿ, ಏಕೆಂದರೆ ತಗ್ಗನ್ನು ಲೇಪ ತಾನೇ ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ, ದಿಣ್ಣೆಯ ಮೇಲೆ ಕುಳಿತ ಲೇಪ ಅದನ್ನು ಇನ್ನಷ್ಟು ಎತ್ತರಿಸುತ್ತದೆ. ಗಾರೆಯ ಗಂಟು, ಬಣ್ಣದ ಸೋರಿಕೆಯ ಹನಿ, ಪುಟ್ಟಿಯ ದಪ್ಪ ಅಂಚು ಇವನ್ನು ಉಜ್ಜಿ ಇಳಿಸಲೇಬೇಕು.

ಹೊಸದಾಗಿ ಸಿಮೆಂಟ್ ಗಾರೆ ಮಾಡಿದ ಭಾಗ ಕನಿಷ್ಠ 28 ದಿನ ಹದವಾಗಬೇಕು. ಹಸಿ ಗಾರೆಯ ಕ್ಷಾರದ ಮಟ್ಟ ಪಿಎಚ್ 12ನ್ನು ದಾಟಿರುತ್ತದೆ. ಅದು ಬಣ್ಣವನ್ನು ಹಿಡಿದಿಡುವ ಬಂಧಕವನ್ನು ತಿಂದು, ಬಣ್ಣ ತೇಪೆತೇಪೆಯಾಗಿ ಮಾಸುವಂತೆ ಮಾಡುತ್ತದೆ. ಅವಧಿ ಮುಗಿದ ಮೇಲೂ ಕ್ಷಾರ ತಡೆಯುವ ಪ್ರೈಮರ್ ಬಳಸುವುದು ಕ್ಷೇಮ.

ಪ್ರೈಮರನ್ನು ತೇಪೆಗಳಿಗಷ್ಟೇ ಬಳಿದು ಮುಗಿಸುವುದು ಇಡೀ ಕೆಲಸವನ್ನು ಕೆಡಿಸುವ ಜಿಪುಣತನ. ಪುಟ್ಟಿ ನೀರನ್ನು ಬೇಗ ಹೀರುತ್ತದೆ, ಹಳೆಯ ಬಣ್ಣ ನಿಧಾನವಾಗಿ ಹೀರುತ್ತದೆ. ಹೀರಿಕೆ ಒಂದೇ ಸಮ ಇಲ್ಲದ ಗೋಡೆಯ ಮೇಲೆ ಲೇಪ ಹರಡಿದರೆ ಪುಟ್ಟಿಯ ಜಾಗದಲ್ಲಿ ಅದು ತಕ್ಷಣ ಬಿಗಿದು ತರಿ ಒರಟಾಗುತ್ತದೆ, ಪಕ್ಕದಲ್ಲಿ ಇನ್ನೂ ಹರಿದಾಡುತ್ತ ತರಿ ಮೆತ್ತಗಾಗುತ್ತದೆ. ಒಣಗಿದ ಮೇಲೆ ಟೆಕ್ಸ್ಚರಿನ ಮೂಲಕವೇ ಪ್ರತಿಯೊಂದು ತೇಪೆಯ ನಕ್ಷೆ ಮೂಡಿ ನಿಲ್ಲುತ್ತದೆ. ಆದ್ದರಿಂದ ಇಡೀ ಗೋಡೆಗೆ ಒಂದು ಕೈ, ಪುಟ್ಟಿ ಹೆಚ್ಚಿರುವಲ್ಲಿ ಎರಡು ಕೈ ಪ್ರೈಮರ್ ಬೇಕು. ಪ್ರೈಮರಿಗೆ ಮೇಲುಬಣ್ಣದ ಛಾಯೆಯನ್ನೇ ತುಸು ಬೆರೆಸಿಕೊಂಡರೆ ತರಿಯ ತಗ್ಗುಗಳಲ್ಲಿ ಬಿಳಿ ಚುಕ್ಕೆ ಇಣುಕುವುದಿಲ್ಲ.

ಬಳಿಯುವ ದಿನ

ಮಂಚ, ಕಪಾಟುಗಳನ್ನು ಹೊರಗೆ ಸಾಗಿಸಿ, ನೆಲ, ಚಾವಣಿಯ ಅಂಚು, ಚೌಕಟ್ಟುಗಳಿಗೆ ಟೇಪು, ಹಾಳೆ ಹಚ್ಚಿಕೊಳ್ಳಬೇಕು. ಸ್ವಿಚ್ ಫಲಕಗಳ ಸುತ್ತ ಲೇಪ ಬಳಿದು ಬಿಡುವುದು ಸಾಮಾನ್ಯ ಅಭ್ಯಾಸ; ಮುಖ್ಯ ಸ್ವಿಚ್ಚಿನಲ್ಲಿ ವಿದ್ಯುತ್ತನ್ನು ಆರಿಸಿ, ಫಲಕವನ್ನು ಬಿಚ್ಚಿ, ಅದರ ಅಂಚಿನ ಒಳಗೆ ಸ್ವಲ್ಪ ದೂರದವರೆಗೆ ಮಾತ್ರ ಲೇಪ ಹೋಗುವಂತೆ ಬಳಿದರೆ ಆಮೇಲೆ ಫಲಕ ಗೋಡೆಗೆ ಒಪ್ಪವಾಗಿ ಕೂರುತ್ತದೆ. ಪೆಟ್ಟಿಗೆಯ ಬಾಯಿಗೆ ಹಾಳೆ ತುರುಕಿ ಮುಚ್ಚಿರಬೇಕು. ಫ್ಯಾನು ಬೇಡ, ಗೋಡೆಯ ಮೇಲೆ ನೇರ ಬಿಸಿಲು ಬೇಡ. ಎರಡೂ ಲೇಪವನ್ನು ಅವಸರದಲ್ಲಿ ಒಣಗಿಸುತ್ತವೆ.

ಎರಡು ಮೂರು ಡಬ್ಬಿಗಳಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಸಬೇಕು, ಏಕೆಂದರೆ ಒಂದೇ ಹೆಸರಿನ ಎರಡು ಡಬ್ಬಿಗಳ ಛಾಯೆ, ಹದ ಒಂದೇ ಇರುತ್ತದೆಂಬ ಖಾತರಿಯಿಲ್ಲ. ನೀರು ಬೆರೆಸುವುದಾದರೆ ತಯಾರಕರು ಹೇಳಿದ ಮಿತಿಯನ್ನು ಮೀರಬಾರದು. ತೆಳುವಾದ ಲೇಪದಲ್ಲಿ ತರಿ ನಿಲ್ಲದೆ ಕೆಳಗೆ ಜಾರುತ್ತದೆ. ಮರಳು ಬೆರೆಸಿದ ಬಣ್ಣವಾದರೆ ಮರಳು ತಳಕ್ಕೆ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ರೋಲರ್ ಅದ್ದುವ ಪ್ರತಿ ಕೆಲವು ಬಾರಿಗೊಮ್ಮೆ ತಳದಿಂದ ಕಲಕಬೇಕು. ಇದನ್ನು ಮರೆತರೆ ಗೋಡೆಯ ಮೊದಲರ್ಧ ನುಣುಪಾಗಿಯೂ ಕೊನೆಯರ್ಧ ಎಮರಿ ಕಾಗದದಂತೆಯೂ ಆಗುತ್ತದೆ.

ಈ ಕೆಲಸಕ್ಕೆ ಇಬ್ಬರಿದ್ದರೆ ಒಳ್ಳೆಯದು: ಒಬ್ಬರು ಲೇಪವನ್ನು ಹರಡುತ್ತ ಮುಂದೆ ಹೋಗಬೇಕು, ಇನ್ನೊಬ್ಬರು ತರಿ ಎಬ್ಬಿಸುತ್ತ ಹಿಂದೆ ಬರಬೇಕು. ಮೂಲೆಯಿಂದ ಆರಂಭಿಸಿ, ಸುಮಾರು ಒಂದು ಮೀಟರ್ ಅಗಲದ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಮುಗಿಸಿ, ಅದರ ಅಂಚು ಹಸಿಯಾಗಿರುವಾಗಲೇ ಮುಂದಿನ ಪಟ್ಟಿಯನ್ನು ಅದಕ್ಕೆ ಕೂಡಿಸಬೇಕು. ಅಂಚು ಒಣಗಿದ ಮೇಲೆ ಕೂಡಿಸಿದರೆ ಅಲ್ಲೊಂದು ದಪ್ಪ ಗೆರೆ ಏಳುತ್ತದೆ. ಆ ಗೆರೆಯನ್ನು ಮತ್ತೆ ಮರೆಮಾಡುವ ಟೆಕ್ಸ್ಚರ್ ಯಾವುದೂ ಇಲ್ಲ. ಈ ಕಾರಣಕ್ಕೇ ಗೋಡೆಯ ನಡುವೆ ಊಟಕ್ಕಾಗಲಿ ಫೋನಿಗಾಗಲಿ ನಿಲ್ಲಿಸಬಾರದು. ನಿಲ್ಲಿಸುವುದಿದ್ದರೆ ಮೂಲೆ ತಲುಪಿದ ಮೇಲೆ. ರೋಲರನ್ನು ಒಂದೇ ದಿಕ್ಕಿಗೆ ಎಳೆಯದೆ ಅಡ್ಡಾದಿಡ್ಡಿ ಹರಡಿ, ಕೊನೆಯಲ್ಲಿ ಭಾರ ಬಿಡದೆ ಹಗುರವಾಗಿ ಉರುಳಿಸಬೇಕು. ರೋಲರ್ ಹೋಗದ ಮೂಲೆ, ಚಾವಣಿಯ ಅಂಚುಗಳಲ್ಲಿ ಸಣ್ಣ ಬ್ರಷ್ಷಿನ ತುದಿಯಿಂದ ತಟ್ಟಿ ತಟ್ಟಿ ಅದೇ ತರಿಯನ್ನು ಎಬ್ಬಿಸಬೇಕು. ಬ್ರಷ್ಷಿನಿಂದ ಎಳೆದು ಬಿಟ್ಟರೆ ಕೋಣೆಯ ಸುತ್ತ ನುಣುಪಾದ ಒಂದು ಚೌಕಟ್ಟು ಉಳಿದುಬಿಡುತ್ತದೆ.

ನೆತ್ತಿಯನ್ನು ಚಪ್ಪಟೆ ಮಾಡುವ ವಿನ್ಯಾಸದಲ್ಲಿ ಸಮಯವೇ ಎಲ್ಲ. ಲೇಪದ ಮೇಲಿನ ಒದ್ದೆ ಹೊಳಪು ಆರಿ ಮಂದವಾದ ಕ್ಷಣವೇ ಸರಿಯಾದ ಹೊತ್ತು. ಹವೆಯನ್ನು ಅವಲಂಬಿಸಿ ಇದು 10ರಿಂದ 20 ನಿಮಿಷ ತೆಗೆದುಕೊಳ್ಳಬಹುದು. ಅದಕ್ಕೂ ಮೊದಲು ಸವರಿದರೆ ತರಿ ಬಳಿದುಹೋಗುತ್ತದೆ, ತಡ ಮಾಡಿದರೆ ಪಟ್ಟಿ ಗೀರೆಳೆಯುತ್ತದೆ. ಪಟ್ಟಿಯನ್ನು ಬಹುತೇಕ ಮಲಗಿಸಿ ಹಿಡಿದು, ಪ್ರತಿ ಎಳೆತದ ಬಳಿಕ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಟೇಪುಗಳನ್ನು ಲೇಪ ಹಸಿಯಿರುವಾಗಲೇ ಓರೆಯಾಗಿ ಎಳೆದು ತೆಗೆಯಬೇಕು. ಒಣಗಿದ ಮೇಲೆ ಎಳೆದರೆ ಅಂಚು ಮುರಿದು ಟೇಪಿನ ಜೊತೆ ಬರುತ್ತದೆ. ಮರೆತು ಒಣಗಿಹೋಗಿದ್ದರೆ ಬ್ಲೇಡಿನಿಂದ ಅಂಚನ್ನು ಕೊಯ್ದು ತೆಗೆಯುವುದೊಂದೇ ದಾರಿ.

ಮೇಲುಬಣ್ಣ ಮತ್ತು ಬೆಳಕು

ಟೆಕ್ಸ್ಚರ್ ಕನಿಷ್ಠ ಒಂದು ಇಡೀ ದಿನ ಒಣಗಲಿ. ಮೋಡ ಮುಸುಕಿದ ಹವೆಯಲ್ಲಿ ಇನ್ನೊಂದು ದಿನ. ಮೇಲುಬಣ್ಣಕ್ಕೆ 18ರಿಂದ 20 ಮಿಲಿಮೀಟರ್ ಉದ್ದದ ಜುಂಗಿರುವ (ಮೇಲ್ಮೈಯ ನೂಲೆಳೆಗಳಿರುವ) ದಪ್ಪ ರೋಲರ್ ಬೇಕು, ಸಣ್ಣ ಜುಂಗಿನದು ತರಿಯ ನೆತ್ತಿಗಷ್ಟೇ ಬಣ್ಣ ಮುಟ್ಟಿಸಿ ತಗ್ಗನ್ನು ಬಿಟ್ಟುಬಿಡುತ್ತದೆ. ಮೊದಲ ಕೈಯನ್ನು ತುಸು ತೆಳುವಾಗಿ ತಗ್ಗುಗಳಿಗೆ ಇಳಿಯುವಂತೆ, ಎರಡನೆಯದನ್ನು ಮೊದಲಿನದಕ್ಕೆ ಅಡ್ಡದಿಕ್ಕಿನಲ್ಲಿ ಬಳಿಯಬೇಕು. ಬಣ್ಣ ಮಂದವಾಗಿರಲಿ, ಛಾಯೆ ನಡುಮಟ್ಟದ್ದಾಗಿರಲಿ. ಅಚ್ಚಬಿಳುಪಿನ ಮೇಲೆ ನೆರಳು ಚುರುಕಾಗಿ ಕಾಣುತ್ತದೆ, ಕಡುಬಣ್ಣದ ಮೇಲೆ ಧೂಳು ಮತ್ತು ತರಚು ಗುರುತು. ತರಿಯನ್ನು ಎತ್ತಿ ತೋರಿಸಲು ಎರಡು ಬಣ್ಣ, ಲೋಹದ ಮಿನುಗು ಬಳಸುವ ರೂಢಿಯೂ ಇದೆ. ಅಲಂಕಾರಕ್ಕೆ ಅದು ಸರಿ, ಮರೆಮಾಡುವ ಉದ್ದೇಶಕ್ಕೆ ಅದು ತದ್ವಿರುದ್ಧ.

ದೀಪವನ್ನು ಗೋಡೆಗೆ ಅಂಟಿದಂತೆ ಮೇಲಿನಿಂದ ಅಥವಾ ಕೆಳಗಿನಿಂದ ಹಾಯಿಸುವ ವ್ಯವಸ್ಥೆಯಿದ್ದರೆ ಅದನ್ನು ಕೋಣೆಯ ನಡುವಿಗೋ ಎದುರು ಗೋಡೆಗೋ ಬದಲಾಯಿಸಬೇಕು. ಕೆಲವೊಮ್ಮೆ ಈ ಒಂದು ಬದಲಾವಣೆಯಿಂದಲೇ ಗೋಡೆಯ ಕುಂದುಗಳಲ್ಲಿ ಅರ್ಧದಷ್ಟು ಕಣ್ಣಿಗೆ ಬೀಳದಂತಾಗಿ, ಹಗುರವಾದ ಮರಳುತರಿಯಲ್ಲೇ ಕೆಲಸ ಮುಗಿಯುತ್ತದೆ.

ಒಲೆಯ ಹಿಂದಿನ ಗೋಡೆಗೆ ಟೆಕ್ಸ್ಚರ್ ಬೇಡ. ಎಣ್ಣೆಯ ಆವಿ ತರಿಯ ತಗ್ಗುಗಳಲ್ಲಿ ಕುಳಿತು, ಅದಕ್ಕೆ ಧೂಳು ಅಂಟಿ, ಉಜ್ಜಿದರೂ ಹೋಗದ ಕಂದುಬಣ್ಣವಾಗುತ್ತದೆ. ಸ್ನಾನದ ಕೋಣೆಯಲ್ಲಿ ನೀರು ಚಿಮ್ಮುವ ಜಾಗಕ್ಕೂ, ಸದಾ ತೋಳು ತಾಗುವ, ಮನೆಯೊಳಗಿನ ಕಿರಿದಾದ ಹಾದಿಗೂ ಇದು ಹೊಂದುವುದಿಲ್ಲ. ಬೇರೆಡೆ ಮೃದುವಾದ ಉದ್ದ ಕೂದಲಿನ ಬ್ರಷ್ಷಿನಿಂದಲೋ ಬ್ರಷ್ ತುದಿಯ ವ್ಯಾಕ್ಯೂಮ್ ಕ್ಲೀನರಿನಿಂದಲೋ ಆಗಾಗ ಧೂಳು ತೆಗೆದರೆ ಸಾಕು. ಒದ್ದೆ ಬಟ್ಟೆಯನ್ನು ಮೊದಲ ಕೆಲವು ವಾರ ಸೋಕಿಸಲೇಬಾರದು, ಏಕೆಂದರೆ ಬಣ್ಣ ಮುಟ್ಟಲು ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ಅಷ್ಟು ಕಾಲ ಹಿಡಿಯುತ್ತದೆ.

ಮುಂದೆ ಮೊಳೆ ಹೊಡೆದು ಕಿತ್ತಾಗ, ಕುರ್ಚಿ ತಾಗಿ ತರಿ ಒಡೆದಾಗ ಬೇಕಾಗುತ್ತದೆಂದು ಉಳಿದ ಲೇಪವನ್ನು ಗಾಳಿಯಾಡದ ಡಬ್ಬಿಯಲ್ಲಿ ತೆಗೆದಿಟ್ಟು, ಅದರ ಮೇಲೆ ಛಾಯೆಯ ಸಂಖ್ಯೆ, ಬಳಸಿದ ರೋಲರಿನ ಬಗೆ, ದಿನಾಂಕ ಬರೆದಿಡಬೇಕು. ರೋಲರಿನ ಒಂದು ತುಂಡನ್ನೂ ತೊಳೆದು ಒಣಗಿಸಿ ಜೊತೆಗಿಟ್ಟರೆ ಇನ್ನೂ ಅನುಕೂಲ. ಒಡೆದ ಜಾಗದ ಸಡಿಲ ಅಂಚುಗಳನ್ನು ಕೆರೆದು, ಪ್ರೈಮರ್ ಮುಟ್ಟಿಸಿ, ಲೇಪವನ್ನು ಸ್ಪಂಜಿನಿಂದ ತಟ್ಟುತ್ತ ಸುತ್ತಲಿನ ತರಿಗೆ ಹೊಂದುವಂತೆ ಅಂಚನ್ನು ಕ್ರಮೇಣ ತೆಳುವಾಗಿಸಬೇಕು. ತೇಪೆ ಒಣಗಿದ ಮೇಲೆ ಆ ಜಾಗಕ್ಕೆ ಮಾತ್ರ ಬಣ್ಣ ಮುಟ್ಟಿಸಿದರೆ ಹಳೆಯ ಬಣ್ಣದ ನಡುವೆ ಅದು ಎದ್ದು ಕಾಣುತ್ತದೆ, ಆದ್ದರಿಂದ ಮೇಲುಬಣ್ಣವನ್ನು ಮೂಲೆಯಿಂದ ಮೂಲೆಯವರೆಗೆ ಆ ಇಡೀ ಗೋಡೆಗೆ ಒಂದು ಕೈ ಬಳಿಯಬೇಕಾಗುತ್ತದೆ.